ನೀನು ಹೊಡೆದುಹಾಕಿದ ಹೆಸರು

ಮೈಸೂರು
3 ಜುಲೈ 2024

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಪ್ಪನ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ, ಚಿಂತೆ ಮಾಡುವಂಥದ್ದೇನಲ್ಲ. ನೀನು ಕಳುಹಿಸಿದ ನೋಟ್‌ಬುಕ್ಕಿನ ಪುಟದ ಫೋಟೊ ತಲುಪಿತು. ಆರು ತಿಂಗಳಲ್ಲಿ ಮೆಚ್ಚಿದ ಹತ್ತು ಚಿತ್ರಗಳು, ಹತ್ತು ಹಾಡುಗಳು. ಪತ್ರಿಕೆಯವರು ಇಷ್ಟು ಬೇಗ ನಿನ್ನನ್ನು ನಂಬಿ ಈ ಕೆಲಸ ಒಪ್ಪಿಸಿದ್ದಾರೆಂದು ತಿಳಿದಾಗ ನನಗಾದ ಸಂತೋಷವನ್ನು ಬರೆದು ಮುಗಿಸಲಾರೆ. ಇಪ್ಪತ್ತಾರು ವರ್ಷ ಸಂಗೀತ ಕಚೇರಿಗಳಿಗೂ ಸಿನಿಮಾಗಳಿಗೂ ವಿಮರ್ಶೆ ಬರೆದವಳಾದ್ದರಿಂದ ಪಟ್ಟಿಯನ್ನು ದೊಡ್ಡಮ್ಮನ ಕಣ್ಣಿನಿಂದ ಒಂದು ಸಲ, ಹಳೆಯ ವಿಮರ್ಶಕಿಯ ಕಣ್ಣಿನಿಂದ ಇನ್ನೊಂದು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು ಏಳನೆಯ ಸಾಲಿನಲ್ಲಿ. ಅಲ್ಲಿ ‘ಶಾಖಾಹಾರಿ’ ಎಂದು ಬರೆದು, ಅದರ ಮೇಲೆ ಎರಡು ಗೆರೆ ಎಳೆದಿದ್ದೀಯೆ.

ಫೆಬ್ರವರಿಯಲ್ಲಿ ಆ ಚಿತ್ರ ನೋಡಿದ ರಾತ್ರಿ ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದ್ದೆ, ನೆನಪಿದೆಯೇ? ಮಲೆನಾಡಿನ ಆ ಪುಟ್ಟ ಸಸ್ಯಾಹಾರಿ ಹೋಟೆಲು, ಅದನ್ನು ನಡೆಸುವ ಸುಬ್ಬಣ್ಣ, ಒಂದು ರಾತ್ರಿ ಗಾಯಗೊಂಡವನೊಬ್ಬ ಒಳಗೆ ಬಂದ ಮೇಲೆ ಆ ಮನುಷ್ಯನ ಮುಖದಲ್ಲಿ ಆಗುವ ಬದಲಾವಣೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. “ರಂಗಾಯಣ ರಘು ಅವರನ್ನು ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ ದೊಡ್ಡಮ್ಮ” ಎಂದೆ. ಫೋನ್ ಇಟ್ಟ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಮ್ಮ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಮೊದಲ ವರ್ಷಗಳಲ್ಲಿ, ಅದನ್ನು ಕಟ್ಟಿದ ಬಿ.ವಿ. ಕಾರಂತರು ಇದ್ದಾಗ, ಆ ನಟನನ್ನು ರಂಗದ ಮೇಲೆ ಕಂಡವಳು ನಾನು. ಆಮೇಲೆ ಎಷ್ಟೋ ಚಿತ್ರಗಳು ಅವರಿಂದ ಅಬ್ಬರದ ನಗುವನ್ನಷ್ಟೇ ಕೇಳಿ ಪಡೆದವು. ಮಾತು ಕಡಿಮೆ ಮಾಡಿ ಸುಮ್ಮನೆ ನಿಂತರೆ ಅವರು ಏನು ಮಾಡಬಲ್ಲರು ಎನ್ನುವುದನ್ನು ಸಂದೀಪ್ ಸುಂಕದ ಎಂಬ ಹೊಸ ನಿರ್ದೇಶಕರು ಗುರುತಿಸಿದರಲ್ಲ ಎಂದು ಹಿಗ್ಗಿದ್ದೆ. ನೀನೂ ಅದನ್ನೇ ಕಂಡಿದ್ದೆ. ಹಾಗಿದ್ದೂ ಆ ಹೆಸರನ್ನು ಏಕೆ ಹೊಡೆದುಹಾಕಿದೆ?

ಕಾರಣ ನನಗೆ ಗೊತ್ತಾಗುತ್ತದೆ. ಪಟ್ಟಿಯ ಮೊದಲ ಎರಡು ಹೆಸರುಗಳೇ ಅದನ್ನು ಹೇಳುತ್ತವೆ. ಒಂದು ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’, ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಎರಡನೆಯ ದೊಡ್ಡ ಪ್ರಶಸ್ತಿಯಾದ ಗ್ರ್ಯಾನ್ ಪ್ರಿ ಪಡೆದದ್ದು. ಇನ್ನೊಂದು ಅದೇ ಉತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗಿರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದ ಚಿದಾನಂದ ನಾಯ್ಕರ ಕನ್ನಡ ಕಿರುಚಿತ್ರ. ನಮ್ಮ ಮೈಸೂರಿನಲ್ಲಿ ವೈದ್ಯಕೀಯ ಓದಿದ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ, ಹುಂಜವನ್ನು ಕದ್ದೊಯ್ದು ಊರಿಗೆ ಬೆಳಗೇ ಆಗದಂತೆ ಮಾಡುವ ಮುದುಕಿಯ ಜನಪದ ಕಥೆಯನ್ನು ಅಲ್ಲಿಯವರೆಗೆ ಕೊಂಡೊಯ್ದನಲ್ಲ! ಸುದ್ದಿ ಓದಿದ ದಿನ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಪುಟ್ಟು, ಆ ಎರಡೂ ಚಿತ್ರಗಳನ್ನು ನೀನು ನೋಡಿಲ್ಲ, ನಾನೂ ನೋಡಿಲ್ಲ. ಹೆಮ್ಮೆಪಡುವುದು ಬೇರೆ, ಮೆಚ್ಚುವುದು ಬೇರೆ. ಹೆಮ್ಮೆಯ ವಿಷಯಕ್ಕೆ ಬೇಕಾದರೆ ಪ್ರತ್ಯೇಕವಾಗಿ ಒಂದು ಪ್ಯಾರಾ ಬರೆ, ಓದುಗರೂ ಸಂತೋಷಪಡುತ್ತಾರೆ. ನೋಡದೆ ಮೆಚ್ಚಿದೆನೆಂದು ಬರೆದರೆ, ನಾಳೆ ಆ ಚಿತ್ರಗಳು ನಿಜವಾಗಿ ನಿನ್ನ ಮುಂದೆ ಬಂದು ನಿಂತಾಗ ಅವುಗಳಿಗೆ ಕೊಡಲು ನಿನ್ನ ಬಳಿ ಏನು ಉಳಿದಿರುತ್ತದೆ?

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಇದನ್ನು ಈವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. 1983ರ ಕೊನೆಯಲ್ಲಿ ನಾನು ಬರೆಯುತ್ತಿದ್ದ ವಾರಪತ್ರಿಕೆಯವರು ವರ್ಷದ ಸಂಗೀತದ ಬಗ್ಗೆ ಒಂದು ಪುಟ ಕೇಳಿದರು. ನನಗಾಗ ಇಪ್ಪತ್ತಾರು. ಆ ವರ್ಷವಿಡೀ ನನ್ನ ಬಾಯಲ್ಲಿದ್ದದ್ದು ‘ಬೆಂಕಿಯ ಬಲೆ’ಯ ‘ಬಿಸಿಲಾದರೇನು ಮಳೆಯಾದರೇನು’. ರಾಜನ್–ನಾಗೇಂದ್ರ ನಮ್ಮ ಊರಿನವರೇ. ಅಡುಗೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನಿನ್ನ ತಂದೆಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವಾಗ, ಎಲ್ಲ ಕಡೆಯೂ ಅದೇ ಹಾಡು. ಎಸ್‌ಪಿಬಿ ಆ ಮೊದಲ ಸಾಲನ್ನು ಎಷ್ಟು ಸಲೀಸಾಗಿ ಕೈಗೆತ್ತಿಕೊಳ್ಳುತ್ತಾರೆಂದರೆ, ಕಷ್ಟಕಾಲದಲ್ಲಿ ಜೊತೆಗಿರುತ್ತೇನೆಂಬ ಆ ಮಾತು ಪ್ರತಿಜ್ಞೆಯ ಭಾರವಿಲ್ಲದೆ ಮನೆಮಾತಿನ ಹಾಗೆ ಬಂದುಬಿಡುತ್ತದೆ. ಅದನ್ನು ಬರೆಯಲು ನನಗೆ ಧೈರ್ಯ ಸಾಲಲಿಲ್ಲ. ಹಿರಿಯ ವಿಮರ್ಶಕರೊಬ್ಬರು, ಸಿನಿಮಾ ಹಾಡನ್ನು ಸಂಗೀತವೆನ್ನುವವರ ಕಿವಿಯನ್ನು ನಂಬಬಾರದು ಎಂದು ನನ್ನೆದುರಿಗೇ ಹೇಳಿದ್ದರು. ಪುಟದ ತುಂಬ ಕಚೇರಿಗಳ ಹೆಸರುಗಳನ್ನು ಬರೆದು ಕೊಟ್ಟೆ. ಅವು ಕೆಟ್ಟ ಕಚೇರಿಗಳಾಗಿರಲಿಲ್ಲ. ಆದರೆ ಹತ್ತು ವರ್ಷಗಳ ನಂತರ ಹಳೆಯ ಸಂಚಿಕೆಗಳನ್ನು ತೆಗೆದು ಆ ಪುಟ ಓದಿದಾಗ, ಅದನ್ನು ಬರೆದವಳು ಯಾರೆಂದು ನನಗೇ ಗುರುತು ಸಿಗಲಿಲ್ಲ. ನಾನು ಬದುಕಿದ 1983 ಅದರಲ್ಲಿ ಇರಲಿಲ್ಲ.

ಅದಕ್ಕಾಗಿಯೇ ಹೇಳುತ್ತಿದ್ದೇನೆ. ಪತ್ರಿಕೆಯವರು ನಿನ್ನಿಂದ ಕೇಳಿರುವುದು ಮೆಚ್ಚಿನವುಗಳನ್ನು. ಅತ್ಯುತ್ತಮ ಯಾವುದೆಂದು ತೀರ್ಮಾನಿಸಲು ಪ್ರಶಸ್ತಿ ಸಮಿತಿಗಳಿವೆ. ನೀನು ಯಾವ ಚಿತ್ರ ನೋಡಿ ಮನೆಗೆ ನಡೆದುಕೊಂಡು ಹೋದೆ, ಯಾವ ಹಾಡಿಗೆ ಬಸ್ಸಿನಲ್ಲಿ ಇಳಿಯುವ ನಿಲ್ದಾಣ ತಪ್ಪಿಸಿಕೊಂಡೆ ಎನ್ನುವುದು ಆ ಸಮಿತಿಗಳಿಗೆ ಗೊತ್ತಿಲ್ಲ. ನೀನು ಹೇಳದಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ಮಲಯಾಳಂನ ‘ಮಂಜುಮ್ಮೆಲ್ ಬಾಯ್ಸ್’ ಮೂರನೆಯ ಜಾಗದಲ್ಲಿರುವುದು ಸರಿಯೇ, ಆದರೆ ಅದಕ್ಕೆ ನೀನು ಕೊಟ್ಟ ಕಾರಣ ನನಗೆ ಸಾಲದು. ‘ಸ್ನೇಹದ ಮಹತ್ವವನ್ನು ಸಾರುವ ಚಿತ್ರ’ ಎಂದು ಬರೆದಿದ್ದೀಯೆ. ಈ ವಾಕ್ಯವನ್ನು ಚಿತ್ರ ನೋಡದವರೂ ಬರೆಯಬಹುದು. 2006ರಲ್ಲಿ ಕೊಡೈಕನಾಲಿನ ಗುಣಾ ಗುಹೆಯಲ್ಲಿ ನಿಜವಾಗಿ ನಡೆದದ್ದನ್ನು ನಿರ್ದೇಶಕ ಚಿದಂಬರಂ ಹೇಗೆ ಕಟ್ಟಿದ್ದಾರೆ ನೋಡು. 1991ರಲ್ಲಿ ಇಳೆಯರಾಜ ತಮಿಳಿನ ‘ಗುಣಾ’ ಚಿತ್ರಕ್ಕೆ ಮಾಡಿದ ‘ಕಣ್ಮಣಿ ಅನ್ಬೋಡು’ ಹಾಡು ಪ್ರೇಮಿಯೊಬ್ಬ ಬರೆಸುವ ಓಲೆ. ಕಮಲ್ ಹಾಸನ್ ಮಾತಿನಲ್ಲಿ ಹೇಳುತ್ತಾರೆ, ಎಸ್. ಜಾನಕಿ ಅದನ್ನು ಹಾಡಾಗಿಸಿ ಹಿಂತಿರುಗಿಸುತ್ತಾರೆ. ಮೂವತ್ತಮೂರು ವರ್ಷಗಳ ನಂತರ ಅದೇ ಹಾಡು ಗುಂಡಿಯೊಳಗಿಂದ ಗೆಳೆಯನನ್ನು ಮೇಲಕ್ಕೆಳೆಯುವ ಗಳಿಗೆಯಲ್ಲಿ ಬರುತ್ತದೆ. ಇದು ಮನುಷ್ಯರು ಅರಿಯಬಲ್ಲ ಪ್ರೀತಿಯಲ್ಲ, ಅದಕ್ಕೂ ಮಿಗಿಲಾದದ್ದು ಎನ್ನುವ ಸಾಲಿಗೆ ಒಂದಕ್ಷರವೂ ಬದಲಾಗದೆ ಹೊಸ ಅರ್ಥ ಹುಟ್ಟುತ್ತದೆ. ಕನ್ನಡದಲ್ಲಿ ಜಾನಕಿಯವರ ದನಿ ಕೇಳುತ್ತಲೇ ಬೆಳೆದ ನನ್ನಂಥವಳಿಗೆ ಚಿತ್ರಮಂದಿರದಲ್ಲಿ ಆ ದನಿ ಬಂದಾಗ ಕಣ್ಣು ತುಂಬಿತು. ನಿನಗೆ ಏನಾಯಿತು? ಅದನ್ನು ಬರೆ.

ಅದೇ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೊಟ್ಟ ಸುಷಿನ್ ಶ್ಯಾಮ್ ಏಪ್ರಿಲ್‌ನಲ್ಲಿ ‘ಆವೇಶಂ’ ಮಾಡಿದರು, ಹೋದ ತಿಂಗಳು ‘ಉಳ್ಳೊಳುಕ್ಕ್’. ಆರು ತಿಂಗಳಲ್ಲಿ ಮೂರು. ಬೆಂಗಳೂರಿನಲ್ಲೇ ನಡೆಯುವ ಕಥೆಯೆಂದು ‘ಆವೇಶಂ’ ನಿನಗೆ ಹತ್ತಿರವಾಗಿದೆ, ‘ಇಲ್ಯುಮಿನಾಟಿ’ ಹಾಡನ್ನು ಪಟ್ಟಿಗೂ ಸೇರಿಸಿದ್ದೀಯೆ. ಇರಲಿ, ನಿನ್ನ ವಯಸ್ಸಿನವರನ್ನು ಕುಣಿಸಿದ ಹಾಡು ಅದು. ಅದರ ಪಕ್ಕದಲ್ಲೇ ‘ಉಳ್ಳೊಳುಕ್ಕ್’ ಚಿತ್ರವನ್ನು ಒಮ್ಮೆ ಕೇಳು. ನೋಡು ಎನ್ನುವ ಮೊದಲು ಕೇಳು ಎನ್ನುತ್ತೇನೆ. ಕೇರಳದ ಕುಟ್ಟನಾಡಿನಲ್ಲಿ ನೆರೆ ನೀರು ಇಳಿಯುವವರೆಗೆ ಹೆಣವನ್ನು ಮಣ್ಣು ಮಾಡಲಾಗದೆ ಕಾಯುವ ಮನೆ, ಒಳಗೆ ಅತ್ತೆ ಸೊಸೆ, ಊರ್ವಶಿ ಮತ್ತು ಪಾರ್ವತಿ. ಅಷ್ಟು ಸದ್ದು ಮಾಡಬಲ್ಲ ಸುಷಿನ್ ಅಲ್ಲಿ ಎಷ್ಟು ಕಡೆ ಸುಮ್ಮನಿದ್ದಾರೆ ಎನ್ನುವುದನ್ನು ಗಮನಿಸಿದರೆ, ಒಬ್ಬ ಸಂಗೀತಗಾರನ ಬಗ್ಗೆ ನಿನಗೆ ನಿಜವಾಗಿ ಹೇಳಲು ಏನಾದರೂ ಸಿಗುತ್ತದೆ. ಹೋದ ವಾರ ಬೆಂಗಳೂರಿಗೆ ಬಂದಾಗ ನೋಡಿದೆ. ನಿನಗೆ ಆಫೀಸಿದೆಯೆಂದು ಕರೆಯಲಿಲ್ಲ, ಕರೆಯಬೇಕಿತ್ತು.

‘ಭ್ರಮಯುಗಂ’ ಬಗ್ಗೆ ನೀನು ಬರೆದದ್ದು ಚೆನ್ನಾಗಿದೆ. ಕಪ್ಪು ಬಿಳುಪು ಎಂದಷ್ಟೇ ಹೇಳಿ ಬಿಡದೆ, ಮಳೆ, ಹಾವಸೆ, ಪಾಳುಬಿದ್ದ ಮನೆ ಇವೆಲ್ಲ ಬಣ್ಣ ಕಳೆದುಕೊಂಡಾಗ ಹೊತ್ತು ಯಾವುದೆಂದೇ ತಿಳಿಯದಾಗುತ್ತದೆ ಎಂದಿದ್ದೀಯೆ. ಇಂಥ ವಾಕ್ಯ ಒಳಗೆ ಕುಳಿತು ನೋಡಿದವನಿಗೇ ಹೊಳೆಯುವುದು. ಒಂದು ಮಾತು ಸೇರಿಸು. ಆ ಮನೆಗೆ ದಾರಿ ತಪ್ಪಿ ಬರುವವನು ಹಾಡುಗಾರ, ಪಾಣನ್ ಜಾತಿಯವನು. ಮಮ್ಮುಟ್ಟಿಯ ಯಜಮಾನ ಅವನಿಗೆ ಹಾಡಲು ಹೇಳುತ್ತಾನೆ, ಉಣ್ಣಲು ಕೊಡುತ್ತಾನೆ, ಹೊರಗೆ ಹೋಗಲು ಮಾತ್ರ ಬಿಡುವುದಿಲ್ಲ. ಕಲೆಯನ್ನು ಮೆಚ್ಚುವ ಅಧಿಕಾರ ಕಲಾವಿದನನ್ನು ಹೇಗೆ ನುಂಗುತ್ತದೆ ಎನ್ನುವುದು ಆ ಚಿತ್ರದ ಎದೆಯಲ್ಲಿದೆ. ಮೆಚ್ಚುವುದನ್ನೇ ಕೆಲಸ ಮಾಡಿಕೊಂಡ ನಾವು ಅದನ್ನು ನೋಡದೆ ಮುಂದೆ ಹೋಗಬಾರದು.

‘ಲಾಪತಾ ಲೇಡೀಸ್’ ನನಗೂ ಇಷ್ಟ. ‘ಬ್ಲಿಂಕ್’ ಮಧ್ಯದಲ್ಲಿ ಸ್ವಲ್ಪ ತೊಡಕೆನಿಸಿತು, ಆದರೂ ಅದನ್ನು ಬಿಡಬೇಡ. ರೆಪ್ಪೆ ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಕಾಲದಲ್ಲಿ ಹಿಂದೆ ಮುಂದೆ ಹೋಗಬಹುದು ಎಂಬ ಕಲ್ಪನೆಯನ್ನು ಕಡಿಮೆ ಹಣದಲ್ಲಿ ಅಷ್ಟು ಶ್ರದ್ಧೆಯಿಂದ ನಡೆಸಿದ ಹುಡುಗರು ಅವರು. ಇಲ್ಲಿ ಒಂದು ಮುಖ್ಯ ವಿಷಯ. ನೀನು ವಿಮರ್ಶೆ ಬರೆದು ಕಳುಹಿಸಿದ್ದು ಚಿತ್ರ ಬಂದ ಹದಿನೇಳನೆಯ ದಿನ. ಸಣ್ಣ ಕನ್ನಡ ಚಿತ್ರಕ್ಕೆ ಶುಕ್ರವಾರ, ಶನಿವಾರ, ಭಾನುವಾರ ಇಷ್ಟೇ ಆಯುಸ್ಸು. ಸೋಮವಾರದ ಹೊತ್ತಿಗೆ ಆಟಗಳು ಕಡಿಮೆಯಾಗುತ್ತವೆ. ದೊಡ್ಡ ಚಿತ್ರ ನಿನ್ನ ಬರಹಕ್ಕೆ ಕಾಯುವುದಿಲ್ಲ, ಸಣ್ಣ ಚಿತ್ರ ಕಾಯುತ್ತಿರುತ್ತದೆ. ‘ಶಾಖಾಹಾರಿ’ಯನ್ನು ಎಷ್ಟೋ ಜನ ಒಟಿಟಿಗೆ ಬಂದ ಮೇಲೆ ನೋಡಿ, ಚಿತ್ರಮಂದಿರದಲ್ಲಿದ್ದಾಗ ಗೊತ್ತೇ ಆಗಲಿಲ್ಲ ಎಂದರು. ಈ ವರ್ಷ ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರವೂ ಬಾಗಿಲು ಮುಚ್ಚಿತು. 1974ರಲ್ಲಿ ಶುರುವಾದದ್ದು, ಐವತ್ತು ವರ್ಷ. ನಾನೂ ನಿನ್ನ ದೊಡ್ಡಪ್ಪನೂ ಮದುವೆಯಾದ ಹೊಸತರಲ್ಲಿ ಬೆಂಗಳೂರಿಗೆ ಬಂದಾಗ ಮೊದಲು ಹೋದದ್ದು ಅಲ್ಲಿಗೆ. ಶುಕ್ರವಾರದ ಮೊದಲ ಆಟಕ್ಕೆ ಹೋಗು ಪುಟ್ಟು, ರಜೆ ಹಾಕಬೇಕಾದರೂ ಹೋಗು.

ಹಾಡುಗಳ ಪಟ್ಟಿಯ ಬಗ್ಗೆ ಸ್ವಲ್ಪ ಕಠಿಣವಾಗಿ ಹೇಳುತ್ತೇನೆ. ಪ್ರತಿ ಹಾಡಿನ ಮುಂದೆ ಎಷ್ಟು ಕೋಟಿ ಜನ ಕೇಳಿದರೆಂದು ಬರೆದಿದ್ದೀಯೆ. ಆ ಸಂಖ್ಯೆಗಳನ್ನೆಲ್ಲ ತೆಗೆದುಹಾಕು. ‘ಅಮರ್ ಸಿಂಗ್ ಚಮ್‌ಕೀಲಾ’ದ ‘ವಿದಾ ಕರೋ’ ಹಾಡಿಗೆ ಸಂಖ್ಯೆಯ ಊರುಗೋಲು ಬೇಕೇ? 1988ರ ಮಾರ್ಚ್ 8ರಂದು ಹಾಡಲು ಬಂದ ಊರಿನಲ್ಲೇ ಗುಂಡೇಟಿಗೆ ಬಲಿಯಾದ ಪಂಜಾಬಿ ಗಾಯಕ ಚಮ್‌ಕೀಲಾ, ಜೊತೆಯಲ್ಲಿ ಹಾಡುತ್ತಿದ್ದ ಹೆಂಡತಿ ಅಮರ್‌ಜೋತ್. ಅವರನ್ನು ಬೀಳ್ಕೊಡುವ ಹಾಡಿನಲ್ಲಿ ರೆಹಮಾನ್ ಎಲ್ಲಿಯೂ ದನಿ ಎತ್ತರಿಸುವುದಿಲ್ಲ. ಬ್ಲೆಸ್ಸಿಯವರ ‘ಆಡುಜೀವಿತಂ’ಗೂ ಈ ವರ್ಷ ಅವರದೇ ಸಂಗೀತ. ಎರಡನ್ನೂ ಒಂದೇ ದಿನ ಕೂತು ಕೇಳು.

ಇನ್ನೊಂದು, ನಿನ್ನ ಹತ್ತೂ ಹಾಡುಗಳು ಈ ವರ್ಷ ಬಿಡುಗಡೆಯಾದವು. ಈ ವರ್ಷ ನಾವು ಕೇಳಿದ ಸಂಗೀತ ಅಷ್ಟೇ ಏನು? ಜನವರಿ 9ರಂದು ಹಿಂದೂಸ್ತಾನಿ ಗಾಯಕ ರಶೀದ್ ಖಾನ್ ಹೋದರು, ಐವತ್ತೈದೇ ವರ್ಷ. ಅದೇ ವಾರ ಗಾಯಕಿ ಪ್ರಭಾ ಅತ್ರೆ. ಜೂನ್ 11ರಂದು ಇಲ್ಲೇ ಮೈಸೂರಿನಲ್ಲಿ ಸರೋದ್ ವಾದಕ ಪಂಡಿತ್ ರಾಜೀವ ತಾರಾನಾಥರು. ಆ ದಿನದಿಂದ ಮನೆಯಲ್ಲಿ ಬೇರೆ ಸಂಗೀತ ಹಾಕಿಲ್ಲ. ಇಂಗ್ಲಿಷ್ ಸಾಹಿತ್ಯ ಪಾಠ ಹೇಳುವ ಕೆಲಸ ಬಿಟ್ಟು, ಅಲಿ ಅಕ್ಬರ್ ಖಾನರ ಸರೋದಿನ ಹಿಂದೆ ಕೋಲ್ಕತ್ತಕ್ಕೆ ಹೋದ ಮನುಷ್ಯ. 1970ರ ‘ಸಂಸ್ಕಾರ’ ಚಿತ್ರದ ಸಂಗೀತ ಅವರದೇ ಎಂದು ನಿನಗೆ ಗೊತ್ತಿದೆಯೋ ಇಲ್ಲವೋ. ಸಿನಿಮಾ, ಸಂಗೀತ, ಸಾಹಿತ್ಯ ಮೂರನ್ನೂ ಒಂದೇ ಕಿವಿಯಿಂದ ಕೇಳಿದವರು. ಅವರ ಆಲಾಪದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಸಾಗುವಾಗ, ತಲುಪಿದ ಮೇಲೂ ಹಿಂದಿನ ಸ್ವರದ ನೆನಪು ಉಳಿದಿರುತ್ತದೆ. ತೊಂಬತ್ತೊಂದು ವರ್ಷ ಬದುಕಿದ ಅವರು ತೀರಿಕೊಂಡ ಈ ವರ್ಷದ ಬಗ್ಗೆ ಬರೆಯುವಾಗ ಅವರ ಹೆಸರಿಲ್ಲದಿದ್ದರೆ ನನಗೆ ನೋವಾಗುತ್ತದೆ. ನಾನು ಹೇಳಿದೆನೆಂದು ಸೇರಿಸಬೇಡ. ಕೇಳಿ, ನಿನಗನ್ನಿಸಿದರೆ ಸೇರಿಸು.

ಪಟ್ಟಿಯನ್ನು ಪೆನ್ಸಿಲಿನಿಂದ ತಿದ್ದಿ ಇದರ ಜೊತೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಏಳನೆಯ ಸಾಲಿನ ಎರಡು ಗೆರೆಗಳನ್ನು ನಾನು ಅಳಿಸಿಲ್ಲ, ಅದು ನಿನ್ನ ಕೆಲಸ. ಬರಹ ಕೊಡಬೇಕಾದದ್ದು ಹದಿನೈದಕ್ಕೆ ಎಂದಿದ್ದೆ. ನಡುವೆ ಒಂದು ಭಾನುವಾರ ಬೆಳಗಿನ ರೈಲಿಗೆ ಬಂದುಬಿಡು. ರಾಜೀವರ ಹಳೆಯ ಕ್ಯಾಸೆಟ್‌ಗಳನ್ನು ತೆಗೆದಿಟ್ಟಿದ್ದೇನೆ, ಟೇಪ್‌ರೆಕಾರ್ಡರನ್ನು ನಿನ್ನ ದೊಡ್ಡಪ್ಪ ರಿಪೇರಿ ಮಾಡಿಸಿದ್ದಾರೆ. ಬರುವಾಗ ನಿನ್ನ ನೋಟ್‌ಬುಕ್ ತರಲು ಮರೆಯಬೇಡ.

ಇಂತು ನಿನ್ನ
ದೊಡ್ಡಮ್ಮ