ಪುಟ್ಟಿಗೆ, ಈಜಿನ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. ಅಮ್ಮ ಪಕ್ಕದಲ್ಲೇ ಇದ್ದಳು ಅಂತ ಗೊತ್ತಾಯಿತು. ರಾತ್ರಿ ನಿನ್ನ ಮೆಸೇಜ್ ಓದಿದೆ. ಆರು ತಿಂಗಳಿಂದ ಟೈಮಿಂಗ್ ಇಳಿದಿಲ್ಲ, ಮಂಡಿ ನೋಯುತ್ತಿದೆ, ಬೆಳಿಗ್ಗೆ ಪೂಲ್‌ಗೆ ಹೊರಡುವಾಗ ಅಳು ಬರುತ್ತದೆ. ಯಾರಿಗೂ ಹೇಳಬೇಡ ಅಂದಿದ್ದೀಯ. ಹೇಳಿಲ್ಲ. ಆದರೆ ನಿನಗೇ ನಾಲ್ಕು ಮಾತು ಹೇಳಬೇಕು.

ಇಂಗ್ಲೆಂಡಿಗೆ, ನಿಮ್ಮ ಡರ್ಬಿಗೆ ಬಂದಿದ್ದಾಗ ನಿನ್ನ ರೂಮಿನ ಗೋಡೆ ಮೇಲೆ ಬ್ರಿಟನ್ನಿನ ಈಜುಗಾರ ಆಡಂ ಪೀಟಿಯ ಫೋಟೋ ನೋಡಿದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ 56.88 ಅಂತ ಬರೆದಿದ್ದೀಯ. 2019ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಲ್ಲಿ ಅವನು 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದ ಹೊತ್ತು ಅದು. ಅದಕ್ಕೆ ಮೊದಲು ಯಾರೂ 57 ಸೆಕೆಂಡಿನ ಒಳಗೆ ಬಂದಿರಲಿಲ್ಲ. ದೊಡ್ಡ ಸಂಖ್ಯೆಯೇ. ಆದರೆ ಅವನ ಬದುಕು ಆ ಒಂದು ಸಂಖ್ಯೆಯಲ್ಲಿ ಮುಗಿಯುವುದಿಲ್ಲ.

ನಿಮ್ಮೂರಿಗೆ ಹತ್ತಿರದ ಅಟಾಕ್ಸಿಟರ್‌ನ ಹುಡುಗ. ಸ್ನಾನದ ತೊಟ್ಟಿಯ ತೂತಿನಿಂದ ಶಾರ್ಕ್ ಬರುತ್ತದೆ ಅಂತ ಅಣ್ಣಂದಿರು ಹೆದರಿಸಿದ್ದಕ್ಕೆ ನೀರು ಕಂಡರೆ ಅಳುತ್ತಿದ್ದನಂತೆ. 14ರ ವಯಸ್ಸಿನಲ್ಲಿ ಕೋಚ್ ಮೆಲ್ ಮಾರ್ಷಲ್ ಕಣ್ಣಿಗೆ ಬಿದ್ದ. ಅವನ ಫ್ರೀಸ್ಟೈಲ್ ನೋಡಿ ಆಕೆಗೆ ಏನೂ ಅನ್ನಿಸಲಿಲ್ಲ, ಬ್ರೆಸ್ಟ್‌ಸ್ಟ್ರೋಕ್ ನೋಡಿದಾಗ ಗೊತ್ತಾಯಿತು. ಆಮೇಲಿನದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2016ರಲ್ಲಿ ರಿಯೊ ಒಲಿಂಪಿಕ್ಸ್ ಚಿನ್ನ, ಟೋಕಿಯೊದಲ್ಲಿ ಮತ್ತೆ ಚಿನ್ನ.

ನಾನು ಹೇಳಬೇಕಾದದ್ದು ಅದರ ನಂತರದ ಕಥೆ. 2022ರಲ್ಲಿ ಅವನ ಪಾದದ ಮೂಳೆ ಮುರಿಯಿತು. ಬರ್ಮಿಂಗ್‌ಹ್ಯಾಮ್‌ ಕಾಮನ್‌ವೆಲ್ತ್ ಕೂಟದಲ್ಲಿ, ಅದೂ ತನ್ನ ಜನದ ಎದುರಿಗೆ, 100 ಮೀಟರ್‌ನಲ್ಲಿ ನಾಲ್ಕನೆಯವನಾದ. ಎರಡು ದಿನ ಬಿಟ್ಟು 50 ಮೀಟರ್ ಗೆದ್ದ ನಿಜ, ಆದರೆ ಮನಸ್ಸು ಸೋತಿತ್ತು. ಕುಡಿತ, ಖಿನ್ನತೆ. 2023ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಿಂದ ಹಿಂದೆ ಸರಿದ. ಕಾರಣ ಮುಚ್ಚಿಡಲಿಲ್ಲ, ಮನಸ್ಸು ಸರಿಯಿಲ್ಲ ಅಂತ ಎಲ್ಲರ ಮುಂದೆಯೇ ಹೇಳಿದ. ಅಷ್ಟು ಹೆಸರು ಮಾಡಿದವನಿಗೆ ಹಾಗೆ ಹೇಳುವುದು ಎಷ್ಟು ಕಷ್ಟ, ಅಲ್ವಾ? ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಮುಂದಿನ ವರ್ಷ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ 100 ಮೀಟರ್ ಮುಗಿಸಿ 59.05ರಲ್ಲಿ ಗೋಡೆ ಮುಟ್ಟಿದ. ಇಟಲಿಯ ಮಾರ್ಟಿನೆಂಗಿ 59.03. ಬರೀ 0.02 ಸೆಕೆಂಡಿನಲ್ಲಿ ಅದೇ ಸ್ಪರ್ಧೆಯ ಮೂರನೇ ಚಿನ್ನ ತಪ್ಪಿತು. ತನ್ನದೇ ದಾಖಲೆಗಿಂತ ಎರಡು ಸೆಕೆಂಡಿಗೂ ಜಾಸ್ತಿ ನಿಧಾನ. ಆದರೂ ಎರಡನೆಯವನಾದೆ ಅಂತ ಅಳುತ್ತಿಲ್ಲ ಅಂದ, ಕಣ್ಣೀರು ಒರೆಸಿಕೊಳ್ಳುತ್ತಲೇ. ಮರುದಿನ ಅವನಿಗೆ ಕೋವಿಡ್ ಇದೆ ಅಂತ ತಿಳಿಯಿತು. ಆ 59.05 ಅನ್ನೂ ಆ ಫೋಟೋ ಕೆಳಗೆ ಬರಿ, ಪುಟ್ಟಿ.

ನಾನು ಟೀಚರ್ ಆಗಿದ್ದಾಗ ಒಂದು ವರ್ಷ, ಬೆಳಿಗ್ಗೆ ಬಸ್ ಹತ್ತುವಾಗಲೇ ಹೊಟ್ಟೆಯಲ್ಲಿ ಸಂಕಟ. ಯಾರಿಗೂ ಹೇಳಲಿಲ್ಲ. ಕ್ಲಾಸಿನಲ್ಲಿ ಮಕ್ಕಳ ಮೇಲೆ ಸುಮ್ನೆ ರೇಗುತ್ತಿದ್ದೆ. ಆ ಮಕ್ಕಳ ಮುಖ ಇವತ್ತಿಗೂ ನೆನಪಾಗುತ್ತದೆ. ನೀನು ಹಾಗೆ ನುಂಗಿಕೊಳ್ಳಬೇಡ.

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಪ್ಪೆಯ ಹಾಗೆ ಕಾಲು ತಿರುಗಿಸಿ ಒದೆಯುತ್ತೀರಲ್ಲ, ಅದರಿಂದ ಮಂಡಿಯ ಒಳಬದಿಗೆ ಪೆಟ್ಟು ಬೀಳುತ್ತದೆ. ಇದು ನಿನ್ನೊಬ್ಬಳ ತೊಂದರೆ ಅಲ್ಲ, ನಿನ್ನ ಕೋಚ್ ಎಷ್ಟೋ ಮಕ್ಕಳಲ್ಲಿ ನೋಡಿರುತ್ತಾರೆ. ಮೊದಲು ಅದನ್ನು ತೋರಿಸು. ಎರಡು ವಾರ ನೀರಿಗೆ ಇಳಿಯದಿದ್ದರೂ ಪರವಾಗಿಲ್ಲ. ಈಜು ಬಿಡಬೇಕೋ ಬೇಡವೋ ಅಂತ ನೋವಿಟ್ಟುಕೊಂಡು ತೀರ್ಮಾನ ಮಾಡಬೇಡ.

ಅಮ್ಮ ಬೈಯುತ್ತಾಳೆ ಅಂತ ಹೆದರಿದ್ದೀಯ. ನನ್ನ ತಂಗಿ ಅವಳು, ಚಿಕ್ಕಂದಿನಿಂದ ನೋಡಿದ್ದೀನಿ. ಬೈಯಬಹುದು, ಆದರೆ ಆಮೇಲೆ ತಾನೇ ಕೂತು ಮಂಡಿಗೆ ಎಣ್ಣೆ ಹಚ್ಚುತ್ತಾಳೆ. ಭಾನುವಾರ ನಾನು ಫೋನ್ ಮಾಡುವ ಹೊತ್ತಿಗೆ ಅವಳಿಗೆ ಹೇಳಿರು.

ನಿನ್ನ
ದೊಡ್ಡಮ್ಮ