ಹಸಿ ಆರದ ಹೊಕ್ಕುಳಿಗೆ ಪುಡಿ ಉದುರಿಸಿ ಸುಮ್ಮನಾಗಬೇಡಿ

ಮಾನ್ಯ ಸಂಪಾದಕರೇ,

ಹಸುಗೂಸಿನ ಹೊಕ್ಕುಳಬಳ್ಳಿ ಸಾಮಾನ್ಯವಾಗಿ 5ರಿಂದ 15 ದಿನದೊಳಗೆ ಉದುರುತ್ತದೆ. ಆಮೇಲೂ ಹೊಕ್ಕುಳು ಹಸಿಯಾಗಿಯೇ ಇದ್ದರೆ ಬೂದಿ, ಎಣ್ಣೆ, ಪುಡಿ ಹಾಕಿ ಕಾಯುವವರು ಈಗಲೂ ಇದ್ದಾರೆ. ಆ ಕಾಯುವಿಕೆ ಕೆಲವು ಮಕ್ಕಳಿಗೆ ದುಬಾರಿಯಾಗುತ್ತದೆ.

ಗರ್ಭದಲ್ಲಿ ಕರುಳಿನಿಂದಲೂ ಮೂತ್ರಕೋಶದಿಂದಲೂ ಹೊಕ್ಕುಳಿಗೆ ಒಂದೊಂದು ನಾಳ ಇರುತ್ತದೆ. ಹುಟ್ಟುವ ಹೊತ್ತಿಗೆ ಎರಡೂ ಮುಚ್ಚಿರಬೇಕು. ಮುಚ್ಚಿಲ್ಲವೆಂಬ ಸುಳಿವು ಮಗುವಿನ ಅಂಗಿಯ ಮೇಲೇ ಸಿಗುತ್ತದೆ. ಮಗು ಅತ್ತಾಗ ನೀರಿನಂತೆ ಒಸರಿ ಬಟ್ಟೆ ನೆನೆದರೆ, ಮೂತ್ರದ ವಾಸನೆ ಇದ್ದರೆ, ಅದು ಯುರಾಕಸ್, ಅಂದರೆ ಮೂತ್ರಕೋಶದ ನಾಳ. ಹಳದಿ-ಹಸಿರು ಕಲೆ, ಗಾಳಿಗುಳ್ಳೆ ಕಂಡರೆ ಕರುಳಿನ ನಾಳ.

ಬರೀ ನಸುಗೆಂಪು ಮೆತ್ತನೆಯ ಗಂಟಿದ್ದರೆ ಹೆಚ್ಚಾಗಿ ಗ್ರ್ಯಾನ್ಯುಲೋಮಾ, ಅಂದರೆ ಗಾಯ ಮಾಯುವಾಗ ಅತಿಯಾಗಿ ಬೆಳೆದ ಮಾಂಸ. ವೈದ್ಯರು ನೋಡಿ ಖಚಿತಪಡಿಸಿದ ಮೇಲೆ ಗಂಟಿನ ಮೇಲೆ ಮಾತ್ರ ಚಿಟಿಕೆ ಅಡುಗೆ ಉಪ್ಪಿಟ್ಟು, ಗಾಜ್ ಬಟ್ಟೆ ಮುಚ್ಚಿ, ಅರ್ಧ ಗಂಟೆಗೆ ತೊಳೆದರೆ, ದಿನಕ್ಕೆ 2 ಸಲದಂತೆ ಕೆಲವೇ ದಿನಗಳಲ್ಲಿ ಕುಗ್ಗುತ್ತದೆ. ಸಿಲ್ವರ್ ನೈಟ್ರೇಟ್ ಕೂಡ ಆಗುತ್ತದೆ, ಆದರೆ ಅಕ್ಕಪಕ್ಕದ ಚರ್ಮ ಸುಡಬಹುದು. ಇಷ್ಟಕ್ಕೂ ಜಗ್ಗದ, ಕಡುಗೆಂಪಾಗಿ ಲೋಳೆ ಬಿಡುವ ಗಂಟು ಕರುಳಿನ ಒಳಪದರದ ಪಾಲಿಪ್ ಆಗಿರಬಹುದು. ಅದಕ್ಕೆ ದಾರ ಕಟ್ಟಿ ಉದುರಿಸುವುದು ಅಪಾಯ. ಅಡಿಯಲ್ಲಿ ನಾಳ ತೆರೆದಿದ್ದರೆ ಕುಣಿಕೆಗೆ ಕರುಳೇ ಸಿಕ್ಕೀತು.

ಅಲ್ಟ್ರಾಸೌಂಡ್, ಬೇಕಾದರೆ ರಂಧ್ರದೊಳಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್-ರೇ, ಇಷ್ಟರಲ್ಲಿ ದಾರಿ ಗೊತ್ತಾಗುತ್ತದೆ. ಕರುಳಿನ ನಾಳ ತೆರೆದಿದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬಾರದು: ಕರುಳು ಅದರ ಮೂಲಕವೇ ಮಗುಚಿ ಹೊರಬರಬಹುದು. ಹೊಕ್ಕುಳಿನ ಕೆಳಗೆ ಅರ್ಧಚಂದ್ರಾಕಾರದಲ್ಲಿ ಕೊಯ್ದು ನಾಳವನ್ನು ಕರುಳಿನವರೆಗೂ ತೆಗೆದು ಹೊಲಿಯುತ್ತಾರೆ. ಒಂದು ಎಳೆ ಉಳಿದರೂ ಮುಂದೆ ಕರುಳು ಅದಕ್ಕೆ ಸುತ್ತಿಕೊಂಡು ತಿರುಚಬಹುದು. ಯುರಾಕಸ್ ವಿಷಯದಲ್ಲಿ, ಗಂಡುಮಗುವಾದರೆ ಮೂತ್ರನಾಳದಲ್ಲಿ ಕೆಳಗೆ ತಡೆ ಇದೆಯೇ ಎಂದು ಮೊದಲು ನೋಡಲೇಬೇಕು. ತಡೆ ಹಾಗೇ ಬಿಟ್ಟು ಮೇಲೆ ಹೊಲಿದರೆ ಮತ್ತೆ ಸೋರುತ್ತದೆ.

ಹೊಕ್ಕುಳು ಉಬ್ಬುವ ಹರ್ನಿಯಾ ಬೇರೆ ಮಾತು. ಬಹುತೇಕ 4-5 ವರ್ಷದೊಳಗೆ ತಾನೇ ಮುಚ್ಚುತ್ತದೆ. ನಾಣ್ಯ ಕಟ್ಟಿದರೆ ಬೇಗ ಮುಚ್ಚುವುದಿಲ್ಲ, ಚರ್ಮ ಹುಣ್ಣಾಗುತ್ತದೆ ಅಷ್ಟೆ. ಆದರೆ ಉಬ್ಬು ಗಟ್ಟಿಯಾಗಿ ಒಳಹೋಗದಿದ್ದರೆ, ಅಥವಾ ಮಗು ವಾಂತಿ ಮಾಡಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗುತ್ತಾರೆ. 21ನೇ ದಿನ ಅಂಗಿ ಎತ್ತಿ ಹೊಕ್ಕುಳು ನೋಡಲಿ, ಹಸಿ ಇದ್ದರೆ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಚೀಟಿ ಬರೆಸಲಿ. ಆರೋಗ್ಯ ಇಲಾಖೆ ಇದನ್ನು ಅವರ ತರಬೇತಿಯಲ್ಲೇ ಸೇರಿಸಬೇಕೆಂದು ಕೋರುತ್ತೇವೆ.

— ಮಕ್ಕಳ ಶಸ್ತ್ರಚಿಕಿತ್ಸಕರು, ಬೆಂಗಳೂರು