ಬಿತ್ತಿದವರ ಕೈಗೇ ಪರಿಹಾರ ಸಿಗಲಿ

ಮಾನ್ಯ ಸಂಪಾದಕರೇ,

ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುಣೆಯ ಭಿಡೆ ಸೇತುವೆ ಮುಳುಗುತ್ತದೆ. ಆ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಾನು ಊರಿಗೆ ಫೋನ್ ಹಚ್ಚುತ್ತೇನೆ. ಈ ಮುಠಾ ನೀರೇ ಮುಂದೆ ಭೀಮೆಗೆ ಸೇರಿ, ಉಜನಿ ಅಣೆಕಟ್ಟು ದಾಟಿ, ಕಲಬುರಗಿ ಜಿಲ್ಲೆಯ ನಮ್ಮೂರಿನ ದಂಡೆಗೆ ಬರುತ್ತದೆ. ಅಲ್ಲಿ ನಮ್ಮದು ನಾಲ್ಕು ಎಕರೆ ಹೊಲ. ಅಪ್ಪ ತೀರಿಕೊಂಡ ಮೇಲೆ ಪಹಣಿ ನನ್ನ ಹೆಸರಿಗಾಗಿದೆ. ಬೇಸಾಯ ಮಾಡುವವರು ಮಾತ್ರ ಊರಿನ ಕಾಕಾ ಒಬ್ಬರು. ವರ್ಷಕ್ಕಿಷ್ಟು ಅಂತ ಲಾವಣಿ (ಗೇಣಿ) ರೊಕ್ಕ ಮೊದಲೇ ಕೊಟ್ಟು ಹೊಲ ಹಿಡಿಯುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಉಜನಿಯ ನೀರಿನ ಜೊತೆ ಸೀನಾ ನದಿಯ ಪ್ರವಾಹವೂ ಸೇರಿ ಭೀಮೆ ಉಕ್ಕಿತು. ತೊಗರಿಗೆ ನಿಂತ ನೀರು ಆಗಿಬರುವುದಿಲ್ಲ, ಬೇರು ಕೊಳೆಯುತ್ತದೆ. ನೀರು ಇಳಿದಾಗ ಹೊಲದಲ್ಲಿ ಕಪ್ಪಾದ ಕಡ್ಡಿಗಳಷ್ಟೇ ಉಳಿದಿದ್ದವು. ಬೀಜ, ಗೊಬ್ಬರ, ಕೀಟಕ್ಕೆ ಎಣ್ಣೆ ಹೊಡೆದದ್ದು, ಕಳೆ ತೆಗೆಸಿದ ಕೂಲಿ, ಎಲ್ಲವೂ ಕಾಕಾನ ಕೈಯಿಂದಲೇ ಹೋಗಿತ್ತು.

ಕೇಂದ್ರದ ಆಗಿನ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ಸಿಗುತ್ತಿದ್ದ ಪರಿಹಾರ 8,500 ರೂಪಾಯಿ. ನಮ್ಮ ರಾಜ್ಯ ಸರ್ಕಾರ ಅದಕ್ಕೆ ಇನ್ನೂ 8,500 ಸೇರಿಸುವುದಾಗಿ ಹೇಳಿತು. ಒಟ್ಟು 17,000, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಬೆಳೆ ಶೇ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಏನೂ ಇಲ್ಲ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 6,900 ರೂಪಾಯಿ. ಹೆಚ್ಚಿಸಿದ್ದು ಒಳ್ಳೆಯದೇ, ಸಾಲದು ಅನ್ನುವವರ ಮಾತೂ ನಿಜವೇ. ಆದರೆ ಮೊತ್ತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದು ಯಾರ ಖಾತೆಗೆ ಬೀಳುತ್ತದೆ ಅನ್ನುವುದನ್ನು ಯಾಕೋ ಯಾರೂ ಕೇಳುತ್ತಿಲ್ಲ.

ಅದು ನನ್ನ ಖಾತೆಗೆ ಬಿತ್ತು. ಪಹಣಿ ನನ್ನದು, ಅದಕ್ಕೆ ಜೋಡಿಸಿದ ಆಧಾರ್ ನನ್ನದು, ಬ್ಯಾಂಕ್ ಖಾತೆಯೂ ನನ್ನದು. ಪುಣೆಯ ಆಫೀಸಿನಲ್ಲಿ ಕೂತಿದ್ದಾಗ ಮೊಬೈಲಿಗೆ ಮೆಸೇಜ್ ಬಂತು. ಆ ಹೊಲದಲ್ಲಿ ನಾನು ಆ ವರ್ಷ ಒಂದು ಕಾಳೂ ಬಿತ್ತಿರಲಿಲ್ಲ. ಸಂಜೆ ಕಾಕಾ ಫೋನ್ ಮಾಡಿ, "ತಮ್ಮಾ, ರೊಕ್ಕ ಬಂದಾವೇನು?" ಅಂತ ಮೆತ್ತಗೆ ಕೇಳಿದರು. ನನ್ನ ತಂದೆಯ ವಯಸ್ಸಿನವರು ನನ್ನ ಮುಂದೆ ಹಾಗೆ ಅಳುಕುತ್ತಾ ಕೇಳಬೇಕಾಯಿತಲ್ಲ ಅಂತ ಬಹಳ ಸಂಕಟವಾಯಿತು. ಬಂದ ಹಣವನ್ನೆಲ್ಲ ಅವರಿಗೇ ಕಳಿಸಿದೆ. ನಾನು ಕಳಿಸದೇ ಇದ್ದಿದ್ದರೆ? ಕೇಳಲು ಅವರ ಹತ್ತಿರ ಒಂದು ಚೀಟಿಯೂ ಇಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಗೆಳೆಯ ಸೋಲಾಪುರ ಜಿಲ್ಲೆಯ ಮಾಢಾ ಕಡೆಯವನು. ಸೀನಾ ದಂಡೆಯ ಅವನ ಊರಲ್ಲೂ ಇದೇ ಕಥೆ. ಅಲ್ಲಿ ಪಹಣಿಯ ಬದಲು ಸಾತ್‌ಬಾರಾ ಉತಾರಾ, ಅಷ್ಟೇ ವ್ಯತ್ಯಾಸ.

ಕರ್ನಾಟಕದಲ್ಲಿ 1974ರಿಂದ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಆ ಕಾನೂನು ಎಷ್ಟೋ ಬಡವರಿಗೆ ಸ್ವಂತ ಭೂಮಿ ಕೊಟ್ಟಿತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಬರೆದುಕೊಟ್ಟರೆ ಎಲ್ಲಿ ಹೊಲ ಹೋಗುತ್ತದೋ ಅಂತ ಮಾಲೀಕರಿಗೆ ಹೆದರಿಕೆ. ಕಾಗದ ಇಲ್ಲ ಅಂದಮೇಲೆ ಬಿತ್ತಿದವರು ಸರ್ಕಾರದ ಲೆಕ್ಕಕ್ಕೆ ಸಿಗುವುದೇ ಇಲ್ಲ ಅಲ್ವಾ?

ಆಂಧ್ರಪ್ರದೇಶ 2019ರಲ್ಲಿ ಇದಕ್ಕೊಂದು ದಾರಿ ಮಾಡಿತು. ಮಾಲೀಕರು ಮತ್ತು ಸಾಗುವಳಿದಾರರು 11 ತಿಂಗಳಿಗೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಸಾಗುವಳಿದಾರರಿಗೆ ಒಂದು ಕಾರ್ಡ್ ಸಿಗುತ್ತದೆ. ಬೆಳೆ ಸಾಲ, ವಿಮೆ, ಪರಿಹಾರಕ್ಕೆ ಅದೇ ಆಧಾರ. ಜಮೀನಿನ ಒಡೆತನಕ್ಕೆ ಅದರಿಂದ ಏನೂ ಆಗುವುದಿಲ್ಲ. ಮಾಲೀಕರ ಸಹಿ ಬೇಕೇ ಬೇಕು ಅನ್ನುವುದು ಅಲ್ಲಿನ ತೊಡಕು, ಹಿಂಜರಿಯುವವರು ಜಾಸ್ತಿ. ಹಾಗಾಗಿ ನಮ್ಮಲ್ಲಿ ಮಾಡುವಾಗ, ಬೆಳೆ ಸಮೀಕ್ಷೆಗೆ ಹೊಲಕ್ಕೆ ಬರುವವರು ಯಾವ ಬೆಳೆ ಅಂತ ಬರೆದುಕೊಳ್ಳುವಂತೆಯೇ ಈ ವರ್ಷ ಯಾರು ಬಿತ್ತಿದ್ದಾರೆ ಅಂತಲೂ ಬರೆದುಕೊಳ್ಳಲಿ. ಅಕ್ಕಪಕ್ಕದ ಹೊಲದವರ ಸಾಕ್ಷಿ ಸಾಕು. ಹಳ್ಳಿಯಲ್ಲಿ ಯಾರ ಹೊಲ ಯಾರು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಕಾಕಾ ಮುಂದಿನ ಮುಂಗಾರಿಗೂ ಹೊಲ ಕೇಳಿದ್ದಾರೆ. ಈ ಸಲ ಬರೆದುಕೊಡಲು ನಾನು ತಯಾರಿದ್ದೇನೆ. ಆ ಕಾಗದಕ್ಕೆ ಬೆಲೆ ಬರುವಂತೆ ಸರ್ಕಾರ ಕಾನೂನು ತಿದ್ದಲಿ.

ಇಂತಿ,
ನಿಮ್ಮ ಓದುಗ
ಪುಣೆ